ಬಸ್ಸು ಬಿಟ್ಟವರಿಗೆ ದಾರಿ ಮಾಡಿಕೊಟ್ಟವರು: ಮಾಂಟ್ಗಮರಿ, 1955–56

ವರ್ಣಭೇದದ ವಿರುದ್ಧ ಹೋರಾಡುವವರನ್ನು ಬೆಂಬಲಿಸುತ್ತೇವೆ ಅಂತ ನಾವು ಸುಲಭವಾಗಿ ಹೇಳ್ತೇವೆ. ಬೆಂಬಲ ಅಂದರೆ ಕೈಯಿಂದ ಮಾಡುವ ಕೆಲಸ ಯಾವುದು? ಅಮೆರಿಕದ ಅಲಬಾಮ ರಾಜ್ಯದ ಮಾಂಟ್ಗಮರಿ ಪಟ್ಟಣ ಇದಕ್ಕೆ ಉತ್ತರ ಕೊಡುತ್ತದೆ ಎಂಬುದು ನನ್ನ ವಾದ.

ಕತೆಯ ಮೊದಲರ್ಧ ನಿಮಗೆ ಗೊತ್ತುಂಟು. 1955ರ ಡಿಸೆಂಬರ್ 1ರಂದು ಬಿಳಿಯ ಪ್ರಯಾಣಿಕನಿಗೆ ಸೀಟು ಬಿಟ್ಟುಕೊಡದ ರೋಸಾ ಪಾರ್ಕ್ಸ್ ಬಂಧನವಾಯಿತು. 5ರಿಂದ ಕಪ್ಪು ಜನ ಬಸ್ಸು ಹತ್ತುವುದನ್ನೇ ಬಿಟ್ಟರು. ಬಹಿಷ್ಕಾರ ನಡೆದದ್ದು 381 ದಿನ. ಅಷ್ಟು ದಿನ ಮನೆಗೆಲಸದವರು, ಅಡುಗೆಯವರು ಕೆಲಸಕ್ಕೆ ಹೋದದ್ದು ಹೇಗೆ? ನಾನು ನೋಡುವುದು ಇದನ್ನು.

ಮೊದಲು ಸುದ್ದಿ ಮುಟ್ಟಬೇಕು. ಅಲಬಾಮ ಸ್ಟೇಟ್ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಜೋ ಆನ್ ರಾಬಿನ್ಸನ್, ಒಬ್ಬ ಸಹೋದ್ಯೋಗಿ ಮತ್ತು ಇಬ್ಬರು ವಿದ್ಯಾರ್ಥಿಗಳೊಂದಿಗೆ ಬಂಧನದ ರಾತ್ರಿಯೇ ಕಾಲೇಜಿನ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಸಾವಿರಾರು ಕರಪತ್ರ ತೆಗೆದರು. ಅದು ಸರಕಾರಿ ಕಾಲೇಜು. ತಿಳಿದರೆ ಕೆಲಸಕ್ಕೇ ಸಂಚಕಾರ.

ಆಮೇಲೆ ಸಾರಿಗೆ. ಕಪ್ಪು ಟ್ಯಾಕ್ಸಿ ಚಾಲಕರು ಬಸ್ ದರದಲ್ಲೇ, 10 ಸೆಂಟಿಗೆ, ಜನರನ್ನು ಒಯ್ದರು. ಆಡಳಿತ 45 ಸೆಂಟಿನ ಕನಿಷ್ಠ ದರದ ನಿಯಮ ಹೇರಿತು. ಆಗ ಬ್ಯಾಟನ್ ರೂಜ್‌ನಲ್ಲಿ 1953ರಲ್ಲಿ ಇಂಥದೇ ಬಹಿಷ್ಕಾರ ನಡೆಸಿದ್ದ ಪಾದ್ರಿ ಟಿ. ಜೆ. ಜೆಮಿಸನ್ ಅವರಿಂದ ಕಿಂಗ್ ಸಲಹೆ ಕೇಳಿದರು. ಸುಮಾರು 300 ಖಾಸಗಿ ಕಾರುಗಳು ಸೇರಿದವು. ಹತ್ತುವ, ಇಳಿಯುವ ಜಾಗ ಗೊತ್ತಾದವು. ಚರ್ಚುಗಳ ಹೆಸರಿನಲ್ಲೇ ವಾಹನ ಕೊಂಡರು. ವಿಮೆ ರದ್ದಾದಾಗ ಅಟ್ಲಾಂಟಾದ ಕಪ್ಪು ಏಜೆಂಟರೊಬ್ಬರು ಲಂಡನ್ನಿನ ಲಾಯ್ಡ್ಸ್ ಮೂಲಕ ವಿಮೆ ಮಾಡಿಸಿಕೊಟ್ಟರು. ನೋಡಿ, ವಿಮೆಯ ಕಾಗದವೂ ಹೋರಾಟದ ಸಾಮಗ್ರಿಯೇ.

ಪೆಟ್ರೋಲಿಗೆ ದುಡ್ಡು? ಜಾರ್ಜಿಯಾ ಗಿಲ್ಮೋರ್ ಮತ್ತು ಸಂಗಡಿಗರು ಊಟ, ಕೇಕು ಮಾಡಿ ಮಾರಿ ಬಂದದ್ದನ್ನು ಸಭೆಗೆ ಕೊಟ್ಟರು. ಗುಂಪಿನ ಹೆಸರು 'ಎಲ್ಲಿಂದಲೂ ಅಲ್ಲದ ಕ್ಲಬ್ಬು'. ದುಡ್ಡು ಎಲ್ಲಿಂದ ಅಂತ ಯಾರಾದರೂ ಕೇಳಿದರೆ 'ಎಲ್ಲಿಂದಲೂ ಅಲ್ಲ' ಎನ್ನಬಹುದಲ್ವಾ! ಕೊಟ್ಟವರ ಕೆಲಸ ಉಳಿಯಬೇಕಿತ್ತು. 1956ರಲ್ಲಿ ಕಿಂಗ್ ವಿಚಾರಣೆಯಲ್ಲಿ ಸಾಕ್ಷಿ ಹೇಳಿದ ಗಿಲ್ಮೋರ್ ಅವರಿಗೆ ಅಡುಗೆ ಕೆಲಸ ಹೋಯಿತು. ಮನೆಯನ್ನೇ ಊಟದ ಮನೆ ಮಾಡಿಕೊಂಡರು.

ಬಿಳಿಯರಲ್ಲಿಯೂ ನೆರವಾದವರುಂಟು. ಕಪ್ಪು ಸಭೆಯೊಂದರ ಬಿಳಿಯ ಪಾದ್ರಿ ರಾಬರ್ಟ್ ಗ್ರೇಟ್ಜ್ ತಮ್ಮ ಕಾರಿನಲ್ಲಿ ಜನರನ್ನು ಒಯ್ದರು. 1956ರ ಆಗಸ್ಟಿನಲ್ಲಿ ಅವರ ಮನೆಗೆ ಬಾಂಬು ಬಿತ್ತು. ಕೆಲವು ಮನೆಯೊಡತಿಯರು ತಮ್ಮ ಕೆಲಸದವರನ್ನು ಕಾರಿನಲ್ಲಿ ಕರೆತರುತ್ತಿದ್ದರು, ಮೇಯರು ಬೇಡವೆಂದರೂ ಕೂಡ. ಅವರಲ್ಲಿ ಹಲವರಿಗೆ ಬೇಕಿದ್ದದ್ದು ಮನೆಗೆಲಸ, ನ್ಯಾಯವಲ್ಲ. ಆದರೂ ಆ ಸವಾರಿ ಬಹಿಷ್ಕಾರಕ್ಕೆ ಉಪಕಾರವೇ ಆಯಿತು. ಉದ್ದೇಶವನ್ನೂ ಪರಿಣಾಮವನ್ನೂ ನಾವು ಬೇರೆಬೇರೆಯಾಗಿ ತೂಗಬೇಕು.

1956ರ ನವೆಂಬರ್ 13ರಂದು ಸ್ಥಳೀಯ ನ್ಯಾಯಾಲಯ ಈ ಕಾರು ವ್ಯವಸ್ಥೆಯನ್ನು ತಡೆಯಿತು. ಅದೇ ದಿನ ಬಸ್ಸಿನ ವರ್ಣಭೇದ ಸಂವಿಧಾನಬಾಹಿರ ಎಂಬ ತೀರ್ಪನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆದೇಶ ಊರಿಗೆ ತಲುಪುವವರೆಗೆ, ಡಿಸೆಂಬರ್ 20ರ ತನಕ, ಜನ ನಡೆದರು. ಗೆಲುವು ಕೊಟ್ಟದ್ದು ದಾವೆ ಹೂಡಿದ ಕಪ್ಪು ಮಹಿಳೆಯರ ಪ್ರಕರಣ. ಅಲ್ಲಿಯವರೆಗೆ ಜನರನ್ನು ಕೂಡಿಟ್ಟದ್ದು ಕಾರು, ಅಡುಗೆ, ಕರಪತ್ರ.

ಇಲ್ಲಿ ಒಂದು ಕ್ರಮ ಕಾಣುತ್ತದೆ. ನಿರ್ಧಾರ ಬಾಧಿತರದ್ದು. ಪ್ರತಿಭಟನೆಗೆ ಅವರು ದಿನಾ ತೆರುವ ಬೆಲೆ ಏನೆಂದು ಕಂಡುಕೊಂಡು ಅದರಲ್ಲಿ ಪಾಲು ಹೊರುವುದು ಬೆಂಬಲಿಗರ ಕೆಲಸ. ಆದರೆ ಹೊರಗಿನವರು ಎಷ್ಟು ಹೊರಬೇಕು? ಜಾತಿಯ ವಿರುದ್ಧ 1924ರಲ್ಲಿ ನಡೆದ, ಕೇರಳದ ನಮಗೆ ಪರಿಚಿತವಾದ ವೈಕಂ ಸತ್ಯಾಗ್ರಹದಲ್ಲಿ ಅಕಾಲಿಗಳು ಉಚಿತ ಊಟದ ಮನೆ ತೆರೆದಾಗ ಗಾಂಧೀಜಿ ಒಪ್ಪಲಿಲ್ಲ. ಹೋರಾಟ ಸ್ವಂತ ಕಾಲ ಮೇಲೆ ನಿಲ್ಲಬೇಕು ಎಂದರು. ಮಾಂಟ್ಗಮರಿ ಹೊರಗಿನ ಹಣವನ್ನೂ ಪಡೆಯಿತು, ಚುಕ್ಕಾಣಿಯನ್ನೂ ಬಿಡಲಿಲ್ಲ. ಈ ಎರಡನ್ನೂ ಎದುರುಬದುರು ಇಟ್ಟು ನೀವು ಏನು ಹೇಳ್ತೀರಿ? ಚರ್ಚೆ ಇಲ್ಲಿಂದ ಶುರುವಾಗಲಿ.