ಹೋಬೋಕನ್ನಿನ ನೆರಳಿನ ಹೂಗಳು

ಹೋಬೋಕನ್ ಎಂದರೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಪಾಥ್ ರೈಲು ಮತ್ತು ಪಾರ್ಕಿಂಗ್ ಪರದಾಟ. ಒತ್ತೊತ್ತಾಗಿ ನಿಂತ ಮನೆಗಳ ಹಿಂದೆ ಅಂಗೈಯಗಲದ ಹಿತ್ತಿಲು. ಅಲ್ಲಿ ಬಿಸಿಲು ಬೀಳುವುದೇ ಅಪರೂಪ. ಇಲ್ಲಿ ಏನೂ ಬೆಳೆಯದೆಂದು ಸಿಮೆಂಟು ಹಾಕಿಸಿದವರೂ ಉಂಟು. ಆದರೆ ನೆರಳಿನಲ್ಲೇ ಅರಳುವ ಕಾಡುಹೂಗಳು ಈ ಸೀಮೆಯ ಮೂಲನಿವಾಸಿಗಳು. ಅವುಗಳ ಲೆಕ್ಕ ಬರೆದಿಟ್ಟವರಲ್ಲಿ ವೈದ್ಯರು ಮುಂದಿದ್ದರು ಎಂಬುದು ನಮ್ಮ ವೃತ್ತಿಯವರಿಗೆ ಹೆಮ್ಮೆಯ ವಿಷಯ.

1784ರಲ್ಲಿ ಕರ್ನಲ್ ಜಾನ್ ಸ್ಟೀವನ್ಸ್ ಹೋಬೋಕನ್ನಿನ ನೆಲವನ್ನು ಹರಾಜಿನಲ್ಲಿ ಕೊಂಡರು. ಮುಂದೆ ಇಲ್ಲಿನ ನದೀತೀರ ಎಲೀಸಿಯನ್ ಫೀಲ್ಡ್ಸ್ ಎಂಬ ವಿಹಾರಸ್ಥಳವಾಯಿತು. ನ್ಯೂಯಾರ್ಕಿನ ಜನ ಫೆರ್ರಿಯಲ್ಲಿ ಬಂದು ಮರಗಳಡಿ ಅಡ್ಡಾಡಿ ಹೋಗುತ್ತಿದ್ದರು. ನದಿಯಾಚೆ ಮ್ಯಾನ್‌ಹಟನ್ನಿನಲ್ಲಿ ಡಾ. ಡೇವಿಡ್ ಹೊಸಾಕ್ 1801ರಲ್ಲಿ 20 ಎಕರೆಯ ಎಲ್ಗಿನ್ ಸಸ್ಯೋದ್ಯಾನ ಸ್ಥಾಪಿಸಿದ್ದರು. ಔಷಧಿ ಕೊಡುವವನಿಗೆ ಗಿಡದ ಗುರುತು ಇರಲೇಬೇಕೆಂಬುದು ಅಂದಿನ ನಂಬಿಕೆ. ಆ ಉದ್ಯಾನದ ಜಾಗದಲ್ಲಿ ಈಗ ರಾಕ್‌ಫೆಲರ್ ಸೆಂಟರ್ ನಿಂತಿದೆ.

ಹೊಸಾಕ್ ಪಾಠ ಹೇಳುತ್ತಿದ್ದ ಕಾಲೇಜಿನಲ್ಲೇ 1818ರಲ್ಲಿ ವೈದ್ಯಪದವಿ ಪಡೆದವರು ಜಾನ್ ಟಾರಿ. ಅವರ ತಂದೆಗೆ ನ್ಯೂಯಾರ್ಕಿನ ಸೆರೆಮನೆಯಲ್ಲಿ ಕೆಲಸ. ಅಲ್ಲಿ ಕೈದಿಯಾಗಿದ್ದ ಏಮಸ್ ಈಟನ್ ಎಂಬ ವಿದ್ವಾಂಸರೇ ಹುಡುಗ ಟಾರಿಗೆ ಸಸ್ಯಶಾಸ್ತ್ರದ ಗುರು! ನ್ಯೂಯಾರ್ಕಿನ ಸುತ್ತ 30 ಮೈಲಿಯೊಳಗೆ ತಾವಾಗಿ ಬೆಳೆಯುವ ಗಿಡಗಳ ಪಟ್ಟಿಯನ್ನು ಟಾರಿ 1819ರಲ್ಲಿ ಪ್ರಕಟಿಸಿದರು. ಹೋಬೋಕನ್ ಆ ಸುತ್ತಳತೆಯ ಒಳಗೇ ಬರುತ್ತದೆ.

ಆಮೇಲೆ ಹಡಗುಕಟ್ಟೆ, ಕಾರ್ಖಾನೆ, ಮನೆಗಳು ಬಂದವು, ಮರಗಳು ಹೋದವು. ಉಳಿದ ಕಾಡುಗಳಿಂದ ಜನ ಹೂಗಿಡಗಳನ್ನು ಬೇರುಸಹಿತ ಕಿತ್ತೊಯ್ದರು. ಇದನ್ನು ತಡೆಯಲು 1902ರಲ್ಲಿ ಸಂಘ ಕಟ್ಟಿದವರಲ್ಲಿ ಪ್ರಮುಖರು ಸಸ್ಯವಿಜ್ಞಾನಿ ಎಲಿಜಬೆತ್ ಬ್ರಿಟನ್. ಕೀಳದೆ ಬೆಳೆಸಬೇಕಾದರೆ ಇರುವ ದಾರಿ ಬೀಜ.

ಆದರೆ ಏಪ್ರಿಲ್‌ನಲ್ಲಿ ಬಿತ್ತಿದ ಬೀಜ ಎಷ್ಟೋ ಸಲ ಮೊಳೆಯುವುದೇ ಇಲ್ಲ. ನಮ್ಮೂರಿನ ಬೀಜ ಮುಂಗಾರಿಗೆ ಕಾದಂತೆ ಇಲ್ಲಿಯದು ಚಳಿಗೆ ಕಾಯುತ್ತದೆ. ತೇವದ ಜೊತೆಗೆ ಒಂದೆರಡು ತಿಂಗಳ ಶೀತ ಸಿಕ್ಕ ಮೇಲೆಯೇ ಅದರ ನಿದ್ದೆ ತಿಳಿಯುವುದು. 1924ರಲ್ಲಿ ಯಾಂಕರ್ಸ್‌ನಲ್ಲಿ ಆರಂಭವಾದ ಬಾಯ್ಸ್ ಥಾಂಪ್ಸನ್ ಸಂಸ್ಥೆಯಲ್ಲಿ ವಿಲಿಯಂ ಕ್ರಾಕರ್ ಮತ್ತು ಲೀಲಾ ಬಾರ್ಟನ್ ಈ ಬೀಜನಿದ್ರೆಯನ್ನೇ ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಟ್ರಿಲಿಯಂ ಬೀಜಕ್ಕಂತೂ ಸಾಮಾನ್ಯವಾಗಿ ಎರಡು ಚಳಿಗಾಲ ಬೇಕು: ಮೊದಲು ಬೇರು, ಮರುವರ್ಷ ಎಲೆ. ಹೂ ಕಾಣಲು 5ರಿಂದ 7 ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು.

ಹೊಸಬರು ಕೊಲಂಬೈನ್ ಮತ್ತು ವೈಟ್ ವುಡ್ ಆಸ್ಟರ್‌ನಿಂದ ಆರಂಭಿಸಬಹುದು. ರಾಜ್ಯೋತ್ಸವ ಮುಗಿದ ವಾರವೇ ಬಿತ್ತನೆಗೆ ಸರಿಯಾದ ಕಾಲ. ತೂತಿರುವ ಕುಂಡದಲ್ಲಿ ಮಣ್ಣು ತುಂಬಿ, ಬೀಜ ಉದುರಿಸಿ, ಮೆಲ್ಲಗೆ ಒತ್ತಿ. ಕೊಲಂಬೈನ್‌ಗೆ ಬೆಳಕು ಬೇಕಾದ್ದರಿಂದ ಮೇಲೆ ಮಣ್ಣು ಮುಚ್ಚಬೇಡಿ. ಅಳಿಲು ಕೆದಕದಂತೆ ತಂತಿಬಲೆ ಹೊದಿಸಿ, ಹೊರಗೇ ಬಿಡಿ; ಉಳಿದದ್ದನ್ನು ಹಿಮ ನೋಡಿಕೊಳ್ಳುತ್ತದೆ. ಬ್ಲಡ್‌ರೂಟ್ ಬೀಜವನ್ನು ಮಾತ್ರ ಒಣಗಲು ಬಿಡದೆ, ಬೇಸಿಗೆಯ ಮೊದಲಲ್ಲಿ ಕಾಯಿ ಬಲಿತಾಗಲೇ ಬಿತ್ತಬೇಕು.

ವೈದ್ಯರಾಗಿ ಒಂದು ಮಾತು: ಹಳೆಯ ಊರುಗಳ ಮಣ್ಣಿನಲ್ಲಿ ಸೀಸ ಇರಬಹುದು. ಮಕ್ಕಳು ಕೈಯಾಡಿಸುವ ಮೊದಲು ರಟ್ಗರ್ಸ್ ವಿಶ್ವವಿದ್ಯಾನಿಲಯದ ಮಣ್ಣುಪರೀಕ್ಷಾ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಆಮೇಲೆ ಬಿತ್ತುವ ಕೆಲಸ ಅವರಿಗೇ ವಹಿಸಿ. ಇಂದು ಬಿತ್ತಿದ ಟ್ರಿಲಿಯಂ ಅರಳುವ ಹೊತ್ತಿಗೆ ಅವರಲ್ಲಿ ಕೆಲವರು ಕಾಲೇಜಿನಲ್ಲಿರುತ್ತಾರೆ. ರಜಕ್ಕೆ ಮನೆಗೆ ಬಂದಾಗ ಹಿತ್ತಿಲಿಗೆ ಹೋಗಿ ನೋಡಲು ಏನಾದರೂ ಇರಲಿ.