ಗಾಳಿಪಟ ತಂದ ಗೆಲುವಿನ ಸುದ್ದಿ

ಕಲ್ಕತ್ತೆಯಲ್ಲಿ ಚೆಂಡು ಗೋಲು ಸೇರಿದ ಮರುಗಳಿಗೆಯಲ್ಲೇ ಆ ಸುದ್ದಿ ನಿಮ್ಮ ಮನೆಯ ಹಜಾರವನ್ನು ಮುಟ್ಟುವಂತೆ ರೇಡಿಯೋ ಮಾಡಿದೆ. 1911ರ ಜುಲೈ 29, ಶನಿವಾರದಂದು ಈ ಸೌಕರ್ಯವಿರಲಿಲ್ಲ. ಆ ಸಂಜೆ ಕಲ್ಕತ್ತೆಯ ಆಟದ ಬಯಲಿನ ಸುತ್ತ ನೆರೆದಿದ್ದವರಲ್ಲಿ ಬಹುಮಂದಿಗೆ ಆಟವೇ ಕಾಣುತ್ತಿರಲಿಲ್ಲ. ಅವರು ತಲೆಯೆತ್ತಿ ಆಕಾಶವನ್ನು ನೋಡುತ್ತಿದ್ದರು. ಯಾರದು ಎಷ್ಟು ಗೋಲು ಎಂಬುದನ್ನು ಗಾಳಿಪಟಗಳ ಮೂಲಕ ತಿಳಿಸುವ ಏರ್ಪಾಟಾಗಿತ್ತು!

ಅದು ಐ.ಎಫ್.ಎ. ಷೀಲ್ಡಿನ ಅಂತಿಮ ಪಂದ್ಯ. 1893ರಲ್ಲಿ ಆರಂಭವಾದ ಈ ಪಂದ್ಯಾವಳಿಯಲ್ಲಿ ಒಮ್ಮೆ ಸೋತ ತಂಡ ಅಲ್ಲಿಗೇ ಹೊರಗೆ. ಅಲ್ಲಿಯವರೆಗೆ ಷೀಲ್ಡ್ ಬಿಳಿಯರ ಕೈಬಿಟ್ಟು ಹೋಗಿರಲಿಲ್ಲ. ಒಂದು ವರ್ಷ ಗೋರಾ ಪಲ್ಟಣ, ಇನ್ನೊಂದು ವರ್ಷ ಬಿಳಿಯರದೇ ಕ್ಲಬ್ಬು. ಬಂಗಾಳವನ್ನು 1905ರಲ್ಲಿ ಎರಡಾಗಿ ಒಡೆದ ನೋವು ಜನರಲ್ಲಿ ಇನ್ನೂ ಆರಿರಲಿಲ್ಲವೆಂಬುದನ್ನೂ ನೀವು ನೆನಪಿನಲ್ಲಿಡಬೇಕು.

ಆ ವರ್ಷ ಮೋಹನ್ ಬಗಾನ್ ಎಂಬ ದೇಶೀಯ ಕ್ಲಬ್ಬು ಸೇಂಟ್ ಝೇವಿಯರ್ಸ್ ಕಾಲೇಜನ್ನು 3-0, ರೇಂಜರ್ಸನ್ನು 2-1, ರೈಫಲ್ ಬ್ರಿಗೇಡನ್ನು 1-0 ಗೋಲುಗಳಿಂದ ಸೋಲಿಸಿತು. ಮಿಡ್ಲ್‌ಸೆಕ್ಸ್ ಪಲ್ಟಣದೊಡನೆ ಮೊದಲು 1-1 ಸಮವಾಗಿ, ಮರುಪಂದ್ಯದಲ್ಲಿ 3-0 ಗೆಲುವಾಯಿತು. ಹನ್ನೊಂದು ಮಂದಿಯಲ್ಲಿ ಬೂಟು ಹಾಕಿದ್ದವರು ಸುಧೀರ್ ಚಟರ್ಜಿಯೊಬ್ಬರೇ. ಉಳಿದ ಹತ್ತು ಮಂದಿಯೂ ಬರಿಗಾಲು. ಎದುರಿಗೆ ಮೊಳೆಬೂಟಿನ ಸಿಪಾಯಿಗಳು. ಆ ಕಾಲುಗಳ ಗತಿಯನ್ನು ನೀವೇ ಊಹಿಸಿಕೊಳ್ಳಿ.

ಅಂತಿಮ ಪಂದ್ಯ ಈಸ್ಟ್ ಯಾರ್ಕ್‌ಷೈರ್ ಪಲ್ಟಣದ ಮೇಲೆ. ಹೊರ ಊರುಗಳಿಂದ ಬರುವವರಿಗಾಗಿ ವಿಶೇಷ ರೈಲು ಬಿಟ್ಟರು. ಹಡಗುಗಳಲ್ಲೂ ಜನ ಬಂದರು. ನಿಲ್ಲಲು ಎಡೆಯಿಲ್ಲದವರು ಮರವೇರಿದರು. ಮೊದಲ ಗೋಲು ಪಲ್ಟಣದ ಜಾಕ್ಸನ್‌ನದು. ಸೇರಿದ್ದ ಜನಸ್ತೋಮವೆಲ್ಲ ಕಳೆಗುಂದಿತು. ನಾಯಕ ಶಿಬದಾಸ್ ಭಾದುರಿ ಗೋಲು ಹೊಡೆದು ಸಮ ಮಾಡಿದರು. ಆಟ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ಚೆಂಡನ್ನು ತಾವೇ ಹೊಡೆಯಬಹುದಾಗಿದ್ದ ಶಿಬದಾಸ್ ಅದನ್ನು ಅಭಿಲಾಷ್ ಘೋಷರಿಗೆ ಒಪ್ಪಿಸಿದರು, ಅಭಿಲಾಷ್ ತಪ್ಪಲಿಲ್ಲ. 2-1. ಗಾಳಿಪಟ ಮೇಲೇರಿತು, ಕೊಡೆಗಳೂ ಅಂಗಿಗಳೂ ಗಾಳಿಗೆ ಹಾರಿದವು.

ಒಂದು ಕಥೆ ಇದೆ. ಕೋಟೆಯ ಮೇಲಿನ ಬ್ರಿಟಿಷ್ ಬಾವುಟ ಇಳಿಯುವುದೆಂದು ಎಂದು ಯಾರೋ ಕೇಳಿದರಂತೆ. ಮೋಹನ್ ಬಗಾನ್ ಇನ್ನೊಮ್ಮೆ ಷೀಲ್ಡ್ ಗೆದ್ದಾಗ ಎಂದು ಉತ್ತರ ಬಂತಂತೆ. ಅವರು ಮತ್ತೆ ಗೆದ್ದುದು 1947ರಲ್ಲೇ. ಬಾವುಟ ಇಳಿದ ಮೇಲೆ ಯಾರೋ ಜಾಣರು ಹೆಣೆದ ಮಾತಿರಬೇಕು. ಆದರೂ ಕೇಳಲು ಚೆನ್ನಾಗಿದೆ. ಅದೇ ವರ್ಷದ ಡಿಸೆಂಬರಿನಲ್ಲಿ ಬಂಗಾಳದ ವಿಭಜನೆ ರದ್ದಾಗಿ ರಾಜಧಾನಿ ದೆಹಲಿಗೆ ಹೋದುದಕ್ಕೂ ಈ ಪಂದ್ಯವೇ ಕಾರಣವೆನ್ನುವವರಿದ್ದಾರೆ. ಅಷ್ಟು ಭಾರವನ್ನು ಒಂದು ಚೆಂಡಿನ ಮೇಲೆ ಹೇರುವುದು ನನಗೆ ಒಪ್ಪಿಗೆಯಲ್ಲ.

ನನಗೆ ಹೆಚ್ಚು ಯೋಚನೆಗೆ ಹಚ್ಚುವುದು ಗೆಲುವಿನ ನಂತರದ ಕಥೆ. ಆ ಗೆಲುವು ಬರಿಗಾಲಿಗೆ ಒಂದು ಬಗೆಯ ಪೂಜ್ಯತೆಯನ್ನು ತಂದಿತು. ಆದರೆ ಕಲ್ಕತ್ತೆಯ ಆಟದ ಕಾಲವೆಂದರೆ ಮಳೆಗಾಲ. ಒಣನೆಲದಲ್ಲಿ ಬೆರಳುಗಳಿಂದ ಚೆಂಡನ್ನು ಕುಣಿಸುವ ಆಟಗಾರ ಕೆಸರಿನಲ್ಲಿ ಜಾರುತ್ತಾನೆ. ಬೂಟಿನವನು ನೆಲಕಚ್ಚಿ ನಿಲ್ಲುತ್ತಾನೆ. ಇನ್ನೊಂದು ಭಾರತೀಯ ತಂಡ ಷೀಲ್ಡ್ ಗೆಲ್ಲಲು 25 ವರ್ಷ ಬೇಕಾಯಿತು. 1936ರಲ್ಲಿ ಅದನ್ನು ಗೆದ್ದ ಮೊಹಮ್ಮಡನ್ ಸ್ಪೋರ್ಟಿಂಗ್, ನೆಲ ಒದ್ದೆಯಾದಾಗ ಬೂಟು ಹಾಕುವುದನ್ನು ರೂಢಿಸಿಕೊಂಡಿದ್ದ ತಂಡ. ಅವರನ್ನೇ 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಸೋಲಿಸಿದವರು ನಮ್ಮ ಬೆಂಗಳೂರು ಮುಸ್ಲಿಮ್ಸ್. ಆ ಕಪ್ಪು ಭಾರತೀಯರ ಕೈಸೇರಿದ್ದು ಅದೇ ಮೊದಲು. ಮರುವರ್ಷವೂ ಅವರದೇ ಗೆಲುವು.

ಬರಿಗಾಲಿನ ಮೋಹ ಮಾತ್ರ ಬೇಗ ಹೋಗಲಿಲ್ಲ. 1948ರ ಲಂಡನ್ ಒಲಿಂಪಿಕ್ಸಿನಲ್ಲೂ ನಮ್ಮವರಲ್ಲಿ ಬಹುಮಂದಿ ಬರಿಗಾಲಿನಲ್ಲಿ ಆಡಿ ಫ್ರಾನ್ಸಿಗೆ 2-1ರಲ್ಲಿ ಸೋತರು. ಬೂಟು ಕಡ್ಡಾಯವಾದದ್ದು 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯ ನಮ್ಮ ಮೇಲೆ ಹತ್ತು ಗೋಲು ಹೊಡೆದ ಮೇಲೆ.