ಗುಲಗಂಜಿ, ಗ್ರೇನು, ಮೈಕ್ರೋಗ್ರಾಂ

ಔಷಧದ ಚರಿತ್ರೆಯೆಂದರೆ ಹೊಸ ಮದ್ದುಗಳನ್ನು ಕಂಡುಹಿಡಿದವರ ಚರಿತ್ರೆಯೆಂದು ನಾವು ಬಗೆಯುತ್ತೇವೆ. ಕಂಡುಹಿಡಿದ ಮದ್ದನ್ನು ಎಷ್ಟು ಕೊಡಬೇಕೆಂದು ಅರಿತುಕೊಂಡವರ ಚರಿತ್ರೆಯೂ ಒಂದಿದೆ. ಅದನ್ನು ಹೇಳುವವರು ಕಡಿಮೆ. ದಾದಿಯರ ಶಾಲೆಯೊಂದರಲ್ಲಿ ಹಲವು ವರ್ಷ ಔಷಧದ ಲೆಕ್ಕ ಕಲಿಸಿದವನು ನಾನು. ಆ ಲೆಕ್ಕ ಬಲು ಸುಲಭವಾದುದು. ಬೇಕಾದ ಪ್ರಮಾಣವನ್ನು ಕೈಯಲ್ಲಿರುವ ಮದ್ದಿನ ಪ್ರಮಾಣದಿಂದ ಭಾಗಿಸಿ, ಅದು ಕರಗಿರುವ ದ್ರವದ ಅಳತೆಯಿಂದ ಗುಣಿಸಿದರಾಯಿತು. ಇಷ್ಟು ಸರಳವಾದ ಕೆಲಸಕ್ಕೆ ಇಷ್ಟೊಂದು ಕಾವಲೇಕೆ ಎಂದು ವಿದ್ಯಾರ್ಥಿನಿಯರು ಕೇಳಿದಾಗಲೆಲ್ಲ ನಾನು ವಿಲಿಯಂ ವಿದರಿಂಗನ ಕಥೆ ಹೇಳುತ್ತಿದ್ದೆ.

ವಿದರಿಂಗ್ ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದ ವೈದ್ಯ, ಸಸ್ಯಶಾಸ್ತ್ರದಲ್ಲಿಯೂ ಪಳಗಿದವನು. 1775ರಲ್ಲಿ, ನೀರುಬಾವಿಗೆ ಕೊಡುವ ಒಂದು ಮನೆಮದ್ದಿನ ವಿಚಾರವಾಗಿ ಅವನ ಅಭಿಪ್ರಾಯವನ್ನು ಕೇಳಿದರು. ಶ್ರಾಪ್‌ಶೈರ್ ಸೀಮೆಯ ಮುದುಕಿಯೊಬ್ಬಳು ಅದನ್ನು ಬಹುಕಾಲ ಗುಟ್ಟಾಗಿ ಇಟ್ಟುಕೊಂಡಿದ್ದಳು; ಓದಿದ ವೈದ್ಯರು ಕೈಬಿಟ್ಟ ಕೆಲವರು ಅವಳ ಮದ್ದಿನಿಂದ ಗುಣಹೊಂದಿದ್ದರು. ಅವಳ ಹೆಸರನ್ನು ವಿದರಿಂಗ್ ಬರೆದಿಡಲಿಲ್ಲ. ಇಪ್ಪತ್ತನೆಯ ಶತಮಾನದವರು ಅವಳಿಗೊಂದು ಹೆಸರನ್ನು ತಾವೇ ಕಟ್ಟಿಕೊಟ್ಟರು, ಅದು ಬೇರೆ ಮಾತು. ಇಪ್ಪತ್ತೋ ಅದಕ್ಕೂ ಹೆಚ್ಚೋ ಮೂಲಿಕೆಗಳು ಕೂಡಿದ್ದ ಆ ಮದ್ದಿನಲ್ಲಿ ಕೆಲಸ ಮಾಡುತ್ತಿದ್ದುದು ಫಾಕ್ಸ್‌ಗ್ಲವ್ ಎಂಬ ಗಿಡವೊಂದೇ ಎಂದು ಅವನು ಕೂಡಲೇ ಗುರುತಿಸಿದ. ಬೆರಳಿಗೆ ತೊಡಿಸಬಹುದಾದಂಥ ಹೂವಿನ ಗಿಡ. ಬೆರಳೆಂಬ ಅರ್ಥದ ಲ್ಯಾಟಿನ್ ಪದದಿಂದಲೇ ಅದಕ್ಕೆ ಡಿಜಿಟಾಲಿಸ್ ಎಂಬ ಶಾಸ್ತ್ರೀಯ ನಾಮ.

ಗಿಡ ಸಿಕ್ಕಿದ್ದು ಬೇಗ. ಅದರ ಅನುಭವವನ್ನು ಪುಸ್ತಕವಾಗಿ ಹೊರತರಲು ಹತ್ತು ವರ್ಷ ಬೇಕಾಯಿತು. ಎಲೆಯ ಶಕ್ತಿ ಕಾಲಕಾಲಕ್ಕೆ ಬದಲಾಗುವುದನ್ನು ಕಂಡು, ಹೂಬಿಡುವ ಹೊತ್ತಿನ ಎಲೆಗಳನ್ನೇ ಕೊಯ್ಯಿಸಿದ. ಕುದಿಸಿದ ಕಷಾಯವನ್ನು ನೆಚ್ಚಲಾಗದೆಂದು ಒಣಗಿಸಿದ ಎಲೆಯ ಪುಡಿಗೆ ಬಂದ. ಮೊದಮೊದಲು ತೀರ ಹೆಚ್ಚಾಗಿ, ತೀರ ಹೆಚ್ಚು ದಿನ ಕೊಟ್ಟದ್ದನ್ನು ಅವನು ಮುಚ್ಚಿಡಲಿಲ್ಲ. ಕೊನೆಗೆ ನಿಂತ ಅಳತೆ, ವಯಸ್ಕರಿಗೆ ದಿನಕ್ಕೆರಡು ಬಾರಿ ಒಂದರಿಂದ ಮೂರು ಗ್ರೇನು.

ಗ್ರೇನೆಂದರೆ ಧಾನ್ಯದ ಕಾಳು. ತೂಕದಲ್ಲಿ ಸುಮಾರು 65 ಮಿಲಿಗ್ರಾಂ. ನಮ್ಮ ವೈದ್ಯರೂ ಅಕ್ಕಸಾಲಿಗರೂ ಬಳಸುತ್ತಿದ್ದ ಗುಲಗಂಜಿ ಅದರ ಹೆಚ್ಚುಕಡಮೆ ಎರಡರಷ್ಟು. ಎಂದರೆ ವಿದರಿಂಗನ ಒಂದು ಹೊತ್ತಿನ ಮದ್ದು ನಮ್ಮ ಅರ್ಧದಿಂದ ಒಂದೂವರೆ ಗುಲಗಂಜಿ. ಆ ಗುಲಗಂಜಿಯನ್ನು ಅಗಿದು ನುಂಗಿದರೆ ಪ್ರಾಣಕ್ಕೇ ಸಂಚಕಾರ! ಮದ್ದು ತೂಗಲು ನಮ್ಮ ಹಿರಿಯರು ವಿಷದ ಬೀಜವನ್ನೇ ಬಟ್ಟಾಗಿ ಆರಿಸಿಕೊಂಡದ್ದು ನನಗೆ ಇಂದಿಗೂ ಸೋಜಿಗ.

ವಿದರಿಂಗನ ಪುಸ್ತಕ ಹೊರಬಂದದ್ದು 1785ರಲ್ಲಿ. ಆ ಹೊತ್ತಿಗೆ ಗಿಡದ ಸುದ್ದಿ ಹಬ್ಬಿತ್ತು. ಎಚ್ಚರವಿಲ್ಲದವರ ಕೈಗೆ ಸಿಕ್ಕಿ ಜೀವಗಳು ಹೋದಾವೆಂಬ ಭಯವೇ ಅವನನ್ನು ಬರೆಯಿಸಿತು. ಗುಣವಾದವರ ಜೊತೆಗೆ ಗುಣವಾಗದವರ ವೃತ್ತಾಂತವನ್ನೂ ಸೇರಿಸಿದ. ಮಿತಿಮೀರಿದರೆ ವಾಂತಿ, ತಲೆಸುತ್ತು, ವಸ್ತುಗಳೆಲ್ಲ ಹಸಿರಾಗಿಯೋ ಹಳದಿಯಾಗಿಯೋ ಕಾಣುವುದು, ಕೊನೆಗೆ ಸಾವು ಎಂದು ಎಚ್ಚರಿಸಿದ. ಆ ಪುಸ್ತಕದ ಜೀವಾಳವೆಂದು ನಾನು ಎಣಿಸುವುದು ಅದರ ಒಂದು ನಿಯಮವನ್ನು. ಮೂತ್ರಪಿಂಡ, ಜಠರ, ನಾಡಿ, ಕರುಳು, ಇವುಗಳಲ್ಲಿ ಯಾವುದಾದರೊಂದರ ಮೇಲೆ ಮದ್ದಿನ ಪರಿಣಾಮ ಕಾಣುವವರೆಗೆ ಕೊಡಬೇಕು, ಕಂಡೊಡನೆ ನಿಲ್ಲಿಸಬೇಕು. ಕಾಣುವವರು ಯಾರು? ವೈದ್ಯ ಬಂದು ಹೋಗುವವನು. ಹಾಸಿಗೆಯ ಬಳಿ ನಿಲ್ಲುವವಳು ದಾದಿ.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಎಲೆಯ ಶಕ್ತಿಯನ್ನು ಕಪ್ಪೆ, ಬೆಕ್ಕುಗಳ ಮೇಲೆ ಪರೀಕ್ಷಿಸಿ ಅಳೆಯುತ್ತಿದ್ದರು. 1930ರಲ್ಲಿ ಸಿಡ್ನಿ ಸ್ಮಿತ್ ಎಂಬ ರಸಾಯನಶಾಸ್ತ್ರಜ್ಞ ಇದೇ ಕುಲದ ಇನ್ನೊಂದು ಗಿಡದಿಂದ ಡಿಗಾಕ್ಸಿನ್ ಎಂಬ ಶುದ್ಧ ದ್ರವ್ಯವನ್ನು ಬೇರ್ಪಡಿಸಿದ. ಎಲೆಯ ಚಂಚಲತೆ ತಪ್ಪಿತು. ಅಪಾಯ ಮಾತ್ರ ಎಲೆಯನ್ನು ಬಿಟ್ಟು ಬರವಣಿಗೆಗೆ ಬಂದು ಕೂತಿತು. ಒಂದು ಮಾತ್ರೆಯಲ್ಲಿರುವ ಮದ್ದು 0.25 ಮಿಲಿಗ್ರಾಂ, ಅಂದರೆ 250 ಮೈಕ್ರೋಗ್ರಾಂ. ಒಂದು ಗ್ರೇನಿನ ಇನ್ನೂರ ಅರವತ್ತನೆಯ ಒಂದು ಪಾಲು. ಇದು ಕಣ್ಣಿಗೆ ಕಾಣುವ ಅಳತೆಯಲ್ಲ, ಅಂಕಿಯಲ್ಲಿ ಮಾತ್ರ ಇರುವ ಅಳತೆ.

ಒಂದು ಉದಾಹರಣೆ. ಮಕ್ಕಳಿಗೆ ಕೊಡುವ ದ್ರವದಲ್ಲಿ ಒಂದು ಮಿಲಿಲೀಟರಿಗೆ 50 ಮೈಕ್ರೋಗ್ರಾಂ ಇದೆ. ವೈದ್ಯರು ಕೂಸಿಗೆ 0.025 ಮಿಲಿಗ್ರಾಂ ಬರೆದರೆ ಕೊಡಬೇಕಾದುದು ಅರ್ಧ ಮಿಲಿಲೀಟರು. ಬಿಂದುವಿನ ಬಲಗಡೆಯ ಸೊನ್ನೆಯೊಂದು ಕಣ್ತಪ್ಪಿ 0.25 ಎಂದಾದರೆ ಐದು ಮಿಲಿಲೀಟರು. ಇದು ಹತ್ತರಷ್ಟು, ಕೂಸಿನ ಹೃದಯ ನಿಲ್ಲಬಹುದು. ಆದರೆ ಐದು ಮಿಲಿಲೀಟರೆಂದರೆ ಒಂದು ಚಹದ ಚಮಚ. ಕೆಮ್ಮಿನ ಔಷಧವನ್ನು ಮನೆಮನೆಯಲ್ಲಿ ಅದೇ ಚಮಚದಿಂದ ಕುಡಿಸುತ್ತಾರೆ. ನೋಡುವವರ ಮನಸ್ಸಿನಲ್ಲಿ ಅನುಮಾನದ ಎಳೆಯೂ ಹುಟ್ಟದು!

ನನ್ನ ವಿದ್ಯಾರ್ಥಿನಿಯರಿಗೆ ಬೇಸರ ತರಿಸುತ್ತಿದ್ದ ಕಟ್ಟಳೆಗಳೆಲ್ಲ ಇಲ್ಲಿಂದ ಬಂದವು. ಬಿಂದುವಿನ ಎಡಕ್ಕೆ ಏನೂ ಇಲ್ಲದಿದ್ದರೆ ಸೊನ್ನೆ ಬರೆಯಲೇಬೇಕು. ಪೂರ್ಣಸಂಖ್ಯೆಯ ಮುಂದೆ ಬಿಂದು-ಸೊನ್ನೆ ಬರೆಯಲೇಬಾರದು. ಮೈಕ್ರೋಗ್ರಾಂ ಎಂಬುದನ್ನು ಚಿಹ್ನೆಯಿಂದ ತೋರಿಸದೆ ಅಕ್ಷರದಲ್ಲೇ ಬಿಡಿಸಿ ಬರೆಯಬೇಕು. ಇಂಥ ಮದ್ದುಗಳ ಲೆಕ್ಕವನ್ನು ಇಬ್ಬರು ಬೇರೆಬೇರೆಯಾಗಿ ಮಾಡಿ ಆಮೇಲೆ ಹೋಲಿಸಬೇಕು. ಹಿಂದೆ ಗ್ರೇನು, ಗ್ರಾಂಗಳ ಸಂಕ್ಷಿಪ್ತ ರೂಪಗಳು ಒಂದನ್ನೊಂದು ಹೋಲುತ್ತಿದ್ದ ಕಾಟ ಬೇರೆ ಇತ್ತು. ಎರಡಕ್ಕೂ ಹದಿನೈದು ಪಟ್ಟು ಅಂತರ. ನಮ್ಮ ದೇಶಕ್ಕೆ ಮೆಟ್ರಿಕ್ ಪದ್ಧತಿಯನ್ನು ತಂದದ್ದು 1956ರ ಕಾನೂನು.

ಇಷ್ಟಾದರೂ ಡಿಗಾಕ್ಸಿನ್ ಕೊಡುವ ಮುನ್ನ ಇನ್ನೊಂದು ಕೆಲಸ ಉಳಿದಿರುತ್ತದೆ. ದಾದಿ ರೋಗಿಯ ಎದೆಯ ಮೇಲೆ ಸ್ಟೆತಾಸ್ಕೋಪು ಇಟ್ಟು, ಗಡಿಯಾರ ನೋಡುತ್ತ, ಪೂರ್ತಿ ಒಂದು ನಿಮಿಷ ಬಡಿತಗಳನ್ನು ಎಣಿಸುತ್ತಾಳೆ. ವಯಸ್ಕರಲ್ಲಿ ಅದು 60ಕ್ಕಿಂತ ಕೆಳಗಿದ್ದರೆ ಮಾತ್ರೆಯನ್ನು ತಡೆಹಿಡಿದು ವೈದ್ಯರಿಗೆ ಹೇಳಿಕಳುಹಿಸುತ್ತಾಳೆ. ವಿದರಿಂಗ್ ತನ್ನ ಪುಸ್ತಕದಲ್ಲಿ ನಾಡಿ 35ಕ್ಕೆ ಇಳಿಯುವುದನ್ನು ಬರೆದಿದ್ದಾನೆ.